ಎಂಬತ್ತೈದು ಅಂದ್ರೆ ನಾವೆಷ್ಟು ಅನ್ನಬೇಕು?

ಸೊಪ್ಪಿನವಳು ಕಟ್ಟಿಗೆ ಮೂವತ್ತು ಅಂದರೆ "ಇಪ್ಪತ್ತಕ್ಕೆ ಕೊಡಮ್ಮ" ಅನ್ನೋದಕ್ಕೆ ನನಗೆ ಒಂದು ಕ್ಷಣವೂ ಬೇಕಾಗಲ್ಲ. ಅದೇ ಬಾಯಿ, ಬಾಗಲಗುಂಟೆಯ ಒಂದು ಮನೆಯ ಹಾಲಿನಲ್ಲಿ ಕೂತಿದ್ದಾಗ, ಯಜಮಾನರು "ಎಂಬತ್ತೈದು ಲಕ್ಷ" ಅಂದ ಕೂಡಲೇ ಒಣಗಿಹೋಯಿತು. "ಹೇಳ್ತೀವಿ ಸಾರ್, ಮನೇಲಿ ಮಾತಾಡ್ಕೊಂಡು" ಅಂತ ಹೇಳಿ, ಅವರ ಮನೆಯಮ್ಮ ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ಬರುವಾಗ ದಾರಿಯಲ್ಲಿ ನಮ್ಮವಳು, "ಮನೇಲಿ ಮಾತಾಡೋಕೆ ನಾನು ಅಲ್ಲೇ ಇದ್ನಲ್ಲ?" ಅಂದಳು!

ಮನೆ ಕೊಳ್ಳುವವರಿಗೆ ವಾಸ್ತು, ಖಾತೆ, ಸಾಲ ಎಲ್ಲದರ ಬಗ್ಗೆ ಸಲಹೆ ಕೊಡುವವರಿದ್ದಾರೆ. "ಅವರು ಇಷ್ಟು ಅಂದಾಗ ನೀನು ಎಷ್ಟು ಅನ್ನಬೇಕು" ಅನ್ನೋದನ್ನ ಮಾತ್ರ ಯಾರೂ ಸರಿಯಾಗಿ ಹೇಳಿಕೊಡಲ್ಲ. ಕೇಳಿದರೆ ಬರೋದು ಒಂದೇ ಉತ್ತರ. ನಮ್ಮ ಫ್ಯಾಕ್ಟರಿಯ ಗೆಳೆಯನೂ ಅದನ್ನೇ ಹೇಳಿದ. "ಹತ್ತು ಪರ್ಸೆಂಟ್ ಕಳ್ದು ಹೇಳು ಗುರು, ಅವರು ಮೇಲಿಂದ ಇಳೀತಾರೆ, ನೀನು ಕೆಳಗಿಂದ ಹತ್ತು, ಮಧ್ಯದಲ್ಲಿ ಎಲ್ಲೋ ನಿಲ್ಲುತ್ತೆ." ಅಂದರೆ ನಾನು ಎಪ್ಪತ್ತಾರೂವರೆ ಅನ್ನಬೇಕು, ಹೆಚ್ಚುಕಮ್ಮಿ ಎಂಬತ್ತೊಂದಕ್ಕೆ ಮುಗಿಯುತ್ತೆ.

ಇದನ್ನ ನಾನು ಒಪ್ಪಲ್ಲ. ಅದೇ ಯಜಮಾನರು ಅದೇ ಮನೆಗೆ ಎಂಬತ್ತೈದರ ಬದಲು ಒಂದು ಕೋಟಿ ಅಂದಿದ್ದರೆ? ಈ ಸೂತ್ರದ ಪ್ರಕಾರ ನಾನು ತೊಂಬತ್ತು ಅನ್ನಬೇಕಿತ್ತು. ಮನೆ ಅದೇ, ಗೋಡೆ ಅದೇ, ತಾರಸಿಯಲ್ಲಿ ಸೋರುವ ಜಾಗವೂ ಅದೇ. ಅವರ ಬಾಯಲ್ಲಿ ಬಂದ ಸಂಖ್ಯೆಗೆ ನನ್ನ ಸಂಖ್ಯೆಯನ್ನ ಕಟ್ಟಿಹಾಕಿಕೊಂಡ ಮೇಲೆ ಅದರ ಹಿಂದೆ ಎಳೆದುಕೊಂಡು ಹೋಗೋದೇ ಸರಿ.

ಇಲ್ಲಿ ನನ್ನ ಕಸುಬಿನ ವಿಷಯ ಸ್ವಲ್ಪ ಹೇಳಬೇಕು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೊಟೇಶನ್ ಹಾಕೋದು ನನ್ನ ಕೆಲಸ. ಗಿರಾಕಿ ಡ್ರಾಯಿಂಗ್ ಕಳಿಸ್ತಾನೆ. ನಾವು ಮೆಟೀರಿಯಲ್ ತೂಕ ಎಷ್ಟು, ಟರ್ನಿಂಗ್ ಎಷ್ಟು ನಿಮಿಷ, ಮಿಲ್ಲಿಂಗ್ ಎಷ್ಟು, ಹೀಟ್ ಟ್ರೀಟ್‌ಮೆಂಟು, ಪ್ಲೇಟಿಂಗು, ನೂರಕ್ಕೆ ಎಷ್ಟು ರಿಜೆಕ್ಷನ್, ಕೊನೆಗೆ ನಮ್ಮ ಮಾರ್ಜಿನ್ ಅಂತ ಸಾಲುಸಾಲಾಗಿ ಬರೆದು ಒಂದು ಬೆಲೆ ಕಳಿಸ್ತೀವಿ. ಆಮೇಲೆ ಪರ್ಚೇಸ್‌ನವರು ಫೋನ್ ಮಾಡ್ತಾರೆ. ಇವರಲ್ಲಿ ಎರಡು ಜಾತಿ. ಒಬ್ಬರು "ಹದಿನೈದು ಪರ್ಸೆಂಟ್ ಕಮ್ಮಿ ಮಾಡ್ರಿ, ಇಲ್ಲಾಂದ್ರೆ ಬೇರೆಯವರಿದ್ದಾರೆ" ಅನ್ನೋರು. ಇವರಿಗೆ ನಾವೂ ಮುಂದಿನ ಸಲ ಇಪ್ಪತ್ತು ಪರ್ಸೆಂಟ್ ಏರಿಸಿಟ್ಟು, ಹದಿನೈದು ಇಳಿಸಿ, ಖುಷಿಪಡಿಸಿ ಕಳಿಸ್ತೀವಿ. ಇನ್ನೊಬ್ಬರು "ಈ ಟಾಲರೆನ್ಸ್ ಸ್ವಲ್ಪ ಸಡಿಲ ಮಾಡ್ತೀವಿ, ಮಿಲ್ಲಿಂಗ್ ಟೈಮ್ ಎಷ್ಟು ಉಳಿಯುತ್ತೆ ನೋಡಿ" ಅನ್ನೋರು. ಇವರ ಹತ್ತಿರ ಆಟ ನಡೆಯಲ್ಲ, ಸಿಟ್ಟೂ ಬರಲ್ಲ. ಮನೆಗೂ ಈ ಎರಡನೇ ಜಾತಿಯ ಗಿರಾಕಿಯಾಗಿ ಹೋಗೋಣ ಅಂತ ತೀರ್ಮಾನ ಮಾಡಿದೆ.

ಮನೆ ಹೀಗಿತ್ತು. 20x30 ಸೈಟು, 2006ರಲ್ಲಿ ಕಟ್ಟಿದ್ದು, ಕೆಳಗೊಂದು ಮೇಲೊಂದು, ಎರಡೂ ಸೇರಿ ಸಾವಿರ ಚದರಡಿ. ಯಜಮಾನರು ತಿಪಟೂರು ಕಡೆಯವರು, ಪೀಣ್ಯದಲ್ಲೇ ಟರ್ನರ್ ಆಗಿದ್ದು ರಿಟೈರ್ ಆದವರು. ಊರಿಗೆ ವಾಪಸ್ ಹೋಗಿ ತೆಂಗು ನೋಡಿಕೊಳ್ಳೋ ಆಸೆ. ಕಾಗದ ಚೆನ್ನಾಗಿತ್ತು. ಇದಕ್ಕೂ ಮುಂಚೆ ಚಿಕ್ಕಬಾಣಾವರದ ಕಡೆ ನೋಡಿದ್ದೊಂದು ಮನೆ ಹತ್ತು ಲಕ್ಷ ಕಮ್ಮಿಗೆ ಸಿಗೋದಿತ್ತು, ಆದರೆ ಬಿ ಖಾತಾ, ನಾನು ಕೇಳಿದ ಬ್ಯಾಂಕು ಸಾಲ ಕೊಡಲ್ಲ ಅಂದಿತು. ಕಮ್ಮಿ ಬೆಲೆಗೆ ಕಾರಣ ಇರುತ್ತೆ, ಅಷ್ಟೇ. 2024ರ ಅಕ್ಟೋಬರಿನಿಂದ ಇ-ಖಾತಾ ಇಲ್ಲದೆ ಬೆಂಗಳೂರಿನಲ್ಲಿ ರಿಜಿಸ್ಟ್ರೇಷನ್ನೇ ಆಗಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ಖಾತೆಯ ತಲೆನೋವು ಮಾತ್ರ ಐದರಲ್ಲೂ ಹಾಗೇ ಮುಂದುವರಿದಿದೆ :)

ಸರಿ, ಕೊಟೇಶನ್ನು. ಮೊದಲನೇ ಸಾಲು ಜಾಗದ್ದು. ಚದರಡಿಗೆ ಎಷ್ಟು? ಬ್ರೋಕರ್ ಹನ್ನೊಂದು ಸಾವಿರ ಅಂದ. ವೆಬ್‌ಸೈಟುಗಳಲ್ಲಿ ನೋಡಿದರೆ ಅಷ್ಟೇ ಇತ್ತು. ಆದರೆ ಜಾಹೀರಾತಿನಲ್ಲಿರೋದು ಮಾರುವವರ ಆಸೆ, ಮಾರಾಟವಾದ ಬೆಲೆ ಅಲ್ಲ. ಹಾಗಂತ ಕ್ರಯಪತ್ರ ನೋಡಿದರೆ ಅಲ್ಲಿ ಇನ್ನೊಂದು ಸುಳ್ಳು, ಬಹಳ ಜನ ಸರ್ಕಾರದ ಗೈಡೆನ್ಸ್ ವ್ಯಾಲ್ಯೂಗೆ ಬರೆಸಿ ಉಳಿದದ್ದನ್ನ ಕೈಗೆ ಕೊಟ್ಟಿರ್ತಾರೆ. ನನಗೆ ಹೊಳೆದದ್ದು ಇಷ್ಟು. ಬ್ಯಾಂಕ್ ಸಾಲ ತೆಗೆದು ಕೊಂಡವರ ಕ್ರಯಪತ್ರ ಹೆಚ್ಚುಕಮ್ಮಿ ನಿಜ ಹೇಳುತ್ತೆ, ಯಾಕಂದ್ರೆ ಕಮ್ಮಿ ಬರೆಸಿದರೆ ಅವರಿಗೇ ಸಾಲ ಕಮ್ಮಿ ಸಿಗುತ್ತೆ. ಪರಿಚಯದವರ ಪೈಕಿ ಅಂಥವರು ಮೂರು ಜನ ಅದೇ ಬಡಾವಣೆಯಲ್ಲಿ ಸಿಕ್ಕಿದರು. ಒಬ್ಬರು ಪತ್ರವನ್ನೇ ತೋರಿಸಿದರು, ಇಬ್ಬರು ಬಾಯಲ್ಲಿ ಹೇಳಿದರು. ಒಂಬತ್ತರಿಂದ ಹತ್ತು ಸಾವಿರದ ಒಳಗೆ. ನಾನು ಒಂಬತ್ತೂವರೆ ಹಿಡಿದೆ. ಆರುನೂರು ಚದರಡಿಗೆ 57 ಲಕ್ಷ.

ಎರಡನೇ ಸಾಲು ಕಟ್ಟಡ. ಇವತ್ತು ಹೊಸದಾಗಿ ಕಟ್ಟಿಸಿದರೆ ಚದರಡಿಗೆ 2,300 ಆಗುತ್ತೆ ಅಂತ ನಮ್ಮ ಮೇಸ್ತ್ರಿ ಹೇಳಿದ. ಸಾವಿರ ಚದರಡಿಗೆ 23 ಲಕ್ಷ. ಕಟ್ಟಡದ ಆಯುಸ್ಸು 60 ವರ್ಷ ಅಂತ ಇಟ್ಟುಕೊಂಡರೆ ಇದಕ್ಕೆ 20 ಆಗಿದೆ, ಮೂರನೇ ಒಂದು ಭಾಗ ಕಳೆದರೆ ಉಳಿದದ್ದು 15.3 ಲಕ್ಷ. ಎರಡೂ ಸೇರಿ 72.3. ಆಮೇಲೆ ಮೇಸ್ತ್ರಿಯನ್ನ ಕರಕೊಂಡು ಹೋಗಿ, ಅದೂ ರಾತ್ರಿಯೆಲ್ಲ ಮಳೆ ಬಂದ ಮರುದಿನ ಬೆಳಿಗ್ಗೆ, ತಾರಸಿ, ವೈರಿಂಗು, ಪೈಪುಗಳನ್ನ ತೋರಿಸಿದೆ. ರಿಪೇರಿಗೆ 3.3 ಲಕ್ಷ ಅಂದ. ಅದನ್ನೂ ಕಳೆದು ಬಂದ ಬೆಲೆ 69 ಲಕ್ಷ.

(ಮಳೆ ಬಂದ ಮರುದಿನ ಹೋಗೋದನ್ನ ಮಾತ್ರ ಯಾರೂ ತಪ್ಪಿಸಬೇಡಿ. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರ, ಯಮಲೂರು ಕಡೆ ಕೋಟಿಗಟ್ಟಲೆಯ ವಿಲ್ಲಾಗಳಿಂದ ಜನ ಟ್ರಾಕ್ಟರ್ ಹತ್ತಿ ಹೊರಗೆ ಬಂದದ್ದನ್ನ ನೋಡಿದ್ದೀರಲ್ಲ. ಬಿಸಿಲಲ್ಲಿ ಎಲ್ಲಾ ಮನೆಗಳೂ ಚೆಂದ.)

ಇದು ಮನೆಯ ಬೆಲೆ. ನನ್ನ ಜೇಬಿನ ಬೆಲೆ ಬೇರೆ, ಅದಕ್ಕೆ ಇನ್ನೊಂದು ಲೆಕ್ಕ. ಬಹಳ ಜನ ಎಡವೋದು ಇಲ್ಲೇ. 30 ಲಕ್ಷ ಮೀರಿ 75 ಲಕ್ಷದವರೆಗಿನ ಸಾಲವಾದರೆ ಮನೆಯ ಬೆಲೆಯ ಶೇ 80ರಷ್ಟನ್ನ ಮಾತ್ರ ಬ್ಯಾಂಕು ಕೊಡಬಹುದು, ರಿಸರ್ವ್ ಬ್ಯಾಂಕಿನ ನಿಯಮ. ಅದರಲ್ಲೂ "ಬೆಲೆ" ಅಂದರೆ ನಾವು ಒಪ್ಪಿಕೊಂಡ ಬೆಲೆ, ಬ್ಯಾಂಕಿನ ವ್ಯಾಲ್ಯುಯರ್ ಹೇಳಿದ ಬೆಲೆ, ಎರಡರಲ್ಲಿ ಯಾವುದು ಕಮ್ಮಿಯೋ ಅದು. ನಾವು ಎಂಬತ್ತೈದಕ್ಕೆ ಒಪ್ಪಿ, ಅವನು ಎಪ್ಪತ್ತೆರಡು ಅಂದುಬಿಟ್ಟರೆ ಮಧ್ಯದ ಹದಿಮೂರು ಲಕ್ಷ ಪೂರ್ತಿ ನಮ್ಮ ತಲೆಗೆ. ಇದರ ಮೇಲೆ ಸ್ಟಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು ಸರ್‌ಚಾರ್ಜು ಸೇರಿ 5.6, ಜೊತೆಗೆ ರಿಜಿಸ್ಟ್ರೇಷನ್ ಫೀ. ಅದು ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಯ್ತು. ಒಟ್ಟು 7.6. ಎಪ್ಪತ್ತೈದು ಲಕ್ಷಕ್ಕೆ 5 ಲಕ್ಷ 70 ಸಾವಿರ. ಇದು ಸಾಲದ ಲೆಕ್ಕಕ್ಕೆ ಬರಲ್ಲ, ಕೈಯಿಂದಲೇ ಹೋಗಬೇಕು.

ವ್ಯಾಲ್ಯುಯರ್ 72ಕ್ಕಿಂತ ಮೇಲೆ ಹೋಗಲ್ಲ ಅಂತ ಇಟ್ಟುಕೊಂಡೆ. ಸಾಲ 57.6 ಲಕ್ಷ, ಶೇ 8ರ ಬಡ್ಡಿಗೆ ಇಪ್ಪತ್ತು ವರ್ಷ, ತಿಂಗಳಿಗೆ 48 ಸಾವಿರ ಕಂತು. ನಮ್ಮಿಬ್ಬರ ಪಿಎಫ್ಫು, ಚೀಟಿ, ಎಫ್‌ಡಿ ಎಲ್ಲಾ ಕೆರೆದರೆ 28 ಲಕ್ಷ. ಇದರಲ್ಲಿ ರಿಪೇರಿ, ಸಾಮಾನು ಸಾಗಿಸೋದು, ರಿಜಿಸ್ಟ್ರೇಷನ್ ಎಲ್ಲ ತೆಗೆದರೆ ನಾನು ಕೊಡಬಹುದಾದ್ದು 75 ಲಕ್ಷದ 50 ಸಾವಿರ. ಅದರ ಮೇಲೆ ಒಂದು ರೂಪಾಯಿ ಇಲ್ಲ. ಈ ಸಂಖ್ಯೆಯನ್ನ ಒಂದು ಚೀಟಿಯಲ್ಲಿ ಬರೆದು, ಮಡಿಸಿ, ನಮ್ಮವಳ ಪರ್ಸಿನಲ್ಲಿ ಇಡಿಸಿದೆ. ಕಾಫಿ ಕುಡಿಯೋ ಮುಂಚೆ ಬರೆದ ಸಂಖ್ಯೆಗೆ ಇರೋ ಬುದ್ಧಿ ಕುಡಿದ ಮೇಲೆ ಹೇಳೋ ಸಂಖ್ಯೆಗೆ ಇರಲ್ಲ.

ಇಷ್ಟರಲ್ಲಿ ಬ್ರೋಕರ್ ದಿನಕ್ಕೆರಡು ಸಲ ಫೋನ್ ಮಾಡ್ತಿದ್ದ. "ಸಾರ್, ಸಂಜೆ ಇನ್ನೊಂದು ಪಾರ್ಟಿ ಟೋಕನ್ ತಗೊಂಡು ಬರ್ತಿದ್ದಾರೆ." ಆ ಪಾರ್ಟಿ ಮೂರು ವಾರ ದಿನಾ ಸಂಜೆ ಬರ್ತಾನೇ ಇತ್ತು, ಪಾಪ. ಆಮೇಲೆ ಮೆಟ್ರೋ ಶುರು ಮಾಡಿದ. "ನಾಗಸಂದ್ರದಿಂದ ಮಾದಾವರದ ತನಕ ಹೋಯ್ತಲ್ಲ ಸಾರ್, ಇನ್ನು ರೇಟ್ ಹಿಡಿಯೋಕಾಗಲ್ಲ." ನಾಗಸಂದ್ರ ಸ್ಟೇಷನ್ ತೆರೆದದ್ದು 2015ರ ಮೇ 1ಕ್ಕೆ. ಹತ್ತು ವರ್ಷದಿಂದ ಇರೋ ಸ್ಟೇಷನ್ನು ಆ ಒಂಬತ್ತೂವರೆ ಸಾವಿರದ ಒಳಗೆ ಎಂದೋ ಸೇರಿಕೊಂಡಿದೆ. 2024ರ ನವೆಂಬರಿನಲ್ಲಿ ಅದು ಮೂರು ಸ್ಟೇಷನ್ ಮುಂದೆ ಹೋದರೆ ಬಾಗಲಗುಂಟೆಯವನಿಗೆ ಏನು? ಎಕ್ಸಿಬಿಷನ್ ನೋಡೋಕೆ ಹೋಗಬಹುದು.

ಮುಂದೆ ಬರೋದಕ್ಕೆ ಇವತ್ತು ದುಡ್ಡು ಕೊಡೋದರ ಕಥೆ ಕೇಳಬೇಕಾದರೆ ನನ್ನ ಡಿಪ್ಲೊಮಾ ಕ್ಲಾಸ್‌ಮೇಟ್ ಒಬ್ಬನನ್ನ ಕೇಳಬೇಕು. 2018ರಲ್ಲಿ ಬೊಮ್ಮಸಂದ್ರದ ಹತ್ತಿರ ಫ್ಲ್ಯಾಟ್ ತಗೊಂಡ. "ಇನ್ನೆರಡು ವರ್ಷದಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೆಟ್ರೋ" ಅಂತ ಹೇಳಿ ಬೆಲೆ ಹೆಚ್ಚು ಹಾಕಿದ್ದರು, ಇವನೂ ಕೊಟ್ಟ. ಹಳದಿ ಮಾರ್ಗ ಶುರುವಾದದ್ದು 2025ರ ಆಗಸ್ಟ್ 10ಕ್ಕೆ, ಅದೂ ಮೊದಲಿಗೆ 25 ನಿಮಿಷಕ್ಕೊಂದು ಟ್ರೈನು. ಏಳು ವರ್ಷ ಅವನು ಇಲ್ಲದ ರೈಲಿಗೆ ಬಡ್ಡಿ ಕಟ್ಟಿದ, ಸಿಲ್ಕ್ ಬೋರ್ಡಿನಲ್ಲಿ ನಿಂತುಕೊಂಡು. ವೈಟ್‌ಫೀಲ್ಡಿನಲ್ಲಂತೂ 2023ರ ಮಾರ್ಚಿನಲ್ಲಿ ಮೆಟ್ರೋ ಬಂತು ಅಂತ ಬಾಡಿಗೆ ಏರಿಸಿದರು. ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿವರೆಗಿನ ತುಂಡು ಸೇರಿದ್ದು ಅಕ್ಟೋಬರಿನಲ್ಲಿ, ಅಲ್ಲಿವರೆಗೂ ಜನ ಮಧ್ಯದಲ್ಲಿ ಇಳಿದು ಬಸ್ ಹತ್ತುತ್ತಿದ್ದರು. ಇದ್ದದ್ದಕ್ಕೆ ಕೊಡೋಣ. ಬರೋದು ಬಂದರೆ ಅದು ನಮ್ಮ ಅದೃಷ್ಟ, ಅದನ್ನೂ ಮಾರುವವರಿಗೇ ಮುಂಗಡ ಕೊಟ್ಟರೆ ನಮಗೇನು ಉಳೀತು?

ಬ್ರೋಕರನ ಮೂರನೇ ಬಾಣ ಎಲ್ಲರಿಗೂ ಗೊತ್ತಿರೋದೇ. "ಐವತ್ತೈದಕ್ಕೆ ರಿಜಿಸ್ಟರ್ ಮಾಡಿಸಿ ಸಾರ್, ಉಳಿದದ್ದು ಕ್ಯಾಶು. ನಿಮಗೂ ಡ್ಯೂಟಿ ಉಳಿಯುತ್ತೆ." ಇಪ್ಪತ್ತು ಲಕ್ಷ ಕಮ್ಮಿ ಬರೆಸಿದರೆ ನನಗೆ ಉಳಿಯೋದು ಒಂದೂವರೆ ಲಕ್ಷ. ಆದರೆ ಸಾಲ 44 ಲಕ್ಷಕ್ಕೆ ಇಳಿಯುತ್ತೆ. ನಾಳೆ ನಾನು ಮಾರುವಾಗ ನನ್ನ ಕೊಂಡ ಬೆಲೆ ಐವತ್ತೈದು ಅಂತಲೇ ಉಳಿದು ಲಾಭದ ತೆರಿಗೆಯೂ ನನ್ನ ಮೇಲೇ ಬೀಳುತ್ತೆ. ಅಲ್ಲದೆ ಮನೆ ಮಾರಾಟಕ್ಕೆ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋದನ್ನ 2015ರಲ್ಲೇ ನಿಷೇಧಿಸಿದ್ದಾರೆ. ಬೇಡ ಅಂದೆ. ಧರ್ಮರಾಯ ಅಂತ ಹೇಳಿಕೊಳ್ಳೋಕಲ್ಲ, ಅಷ್ಟು ಕ್ಯಾಶು ನನ್ನ ಹತ್ತಿರ ಇರಲೂ ಇಲ್ಲ!

ಮೇಲಿನ ಮನೆ ಭೋಗ್ಯಕ್ಕಿತ್ತು, ಆರು ಲಕ್ಷಕ್ಕೆ. ಆ ಆರು ಲಕ್ಷ ಯಾರು ವಾಪಸ್ ಕೊಡೋದು ಅನ್ನೋದನ್ನ ಬೆಲೆಗಿಂತ ಮುಂಚೆ ಇತ್ಯರ್ಥ ಮಾಡಿಕೊಂಡೆವು. ನಾನು ಕೊಡೋ ಅಡ್ವಾನ್ಸಿನಿಂದ ಅವರೇ ತೀರಿಸಿ ಮನೆ ಖಾಲಿ ಮಾಡಿಸೋದು ಅಂತ.

ಒಂದು ಭಾನುವಾರ ಸಂಜೆ ಬ್ರೋಕರನನ್ನ ಬಿಟ್ಟು ನಾವಿಬ್ಬರೇ ಹೋದೆವು. ಕಾಫಿ ಬರೋ ಮುಂಚೆಯೇ ಕಾಗದ ತೆಗೆದು ಯಜಮಾನರ ಕೈಗೆ ಕೊಟ್ಟೆ. "ಸಾರ್, ಬೇಜಾರು ಮಾಡ್ಕೋಬೇಡಿ. ನನ್ನ ಲೆಕ್ಕ ಇದು. ತಪ್ಪಿದ್ರೆ ನೀವೇ ಹೇಳಿ." ಕೊನೆಯ ಸಾಲಿನ ಅರವತ್ತೊಂಬತ್ತು ನೋಡಿ ಎದ್ದು ಹೋಗಿ ಅಂತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು, ಪೆನ್ ತಗೊಂಡು, ಒಂದೊಂದೇ ಸಾಲಿನ ಮೇಲೆ ಟಿಕ್ ಮಾಡ್ತಾ ಬಂದರು. ಪೀಣ್ಯದ ಮನುಷ್ಯ ನೋಡಿ, ಇನ್ಸ್‌ಪೆಕ್ಷನ್ ರಿಪೋರ್ಟು ಓದೋ ಹಾಗೆ.

ಜಾಗದ ಸಾಲಿಗೆ ಟಿಕ್. ಕಟ್ಟಡಕ್ಕೆ ಟಿಕ್. ರಿಪೇರಿಯ ಹತ್ತಿರ ಪೆನ್ ನಿಂತಿತು.

"ನೋಡಪ್ಪ, ಮನೆ ಹಳೇದಾಯ್ತು ಅಂತ ಮೂರ್ನೇ ಒಂದು ಭಾಗ ತೆಗ್ದಿದೀಯ. ಸರಿ. ಆಮೇಲೆ ಹಳೇದಾಗಿರೋದಕ್ಕೆ ರಿಪೇರಿ ಅಂತ ಇನ್ನೊಂದ್ಸಲ ತೆಗ್ದಿದೀಯ. ಒಂದೇ ಸವಕಳಿನ ಎರಡು ಸಲ ಲೆಕ್ಕ ಹಾಕ್ತಾರೇನಪ್ಪ?"

ನನಗೆ ಮಾತು ಹೊರಡಲಿಲ್ಲ. ಇಪ್ಪತ್ತು ವರ್ಷ ಕೊಟೇಶನ್ ಹಾಕಿದವನು, ಮೂರು ವಾರ ಆ ಕಾಗದವನ್ನ ಮುಂದಿಟ್ಟುಕೊಂಡಿದ್ದವನು, ನನಗೆ ಇದು ಕಂಡಿರಲಿಲ್ಲ. ಕಂಡಿರಲಿಲ್ಲ ಅನ್ನೋದು ಪೂರ್ತಿ ನಿಜವೋ ಅಲ್ಲವೋ ನನಗೇ ಅನುಮಾನ.

ಅವರು ಕಾಗದ ತಿರುಗಿಸಿ ಹಿಂದೆ ನೋಡಿದರು. ಹಿಂದೆ ಖಾಲಿ. "ಎಲ್ಲಾ ಕಳ್ದಿದೀಯ. ಕೂಡಿಸಿರೋದು ಎಲ್ಲಿ?"

"ಏನ್ ಸಾರ್ ಕೂಡಿಸ್ಬೇಕು?"

"ಬೋರು."

ಅದು ನನಗೆ ಚೆನ್ನಾಗಿ ಗೊತ್ತಿತ್ತು. 2024ರ ಮಾರ್ಚಿನಲ್ಲಿ ಬೆಂಗಳೂರಿನ 13,900 ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿದ ಸಮಯದಲ್ಲಿ, ಆ ಬೀದಿಗೆಲ್ಲ ಟ್ಯಾಂಕರ್ ಬರ್ತಿದ್ದಾಗ, ಇವರ ಬೋರು ನಡೀತಿತ್ತು. ಅಕ್ಕಪಕ್ಕದವರಿಗೂ ಬಿಂದಿಗೆಗೆ ನೀರು ಬಿಟ್ಟಿದ್ದರು. ಮೇಲಿನ ಮನೆಯ ಭೋಗ್ಯದವರು ನನಗೆ ಮೊದಲ ದಿನವೇ ಹೇಳಿದ್ದರು. ನಾನು ಅದನ್ನ ಕೇಳಿ ಒಳಗೊಳಗೇ ಖುಷಿಪಟ್ಟು, ಕಾಗದದ ಮೇಲೆ ಬರೆಯದೆ ಬಿಟ್ಟಿದ್ದೆ. ಸೋರುವ ತಾರಸಿಗೆ ಒಂದು ಸಾಲು ಕೊಟ್ಟವನು ಬತ್ತದ ಬೋರಿಗೆ ಕೊಡಲಿಲ್ಲ.

ಹಾಗಾಗಿ, ಸಂಖ್ಯೆ ನಮ್ಮದೇ ಲೆಕ್ಕದಿಂದ ಹುಟ್ಟಬೇಕು ಅಂತ ಮೇಲೆ ಅಷ್ಟು ಜೋರಾಗಿ ಹೇಳಿದೆನಲ್ಲ, ಅದಕ್ಕೆ ಇದನ್ನ ಸೇರಿಸಿಕೊಳ್ಳಿ. ಲೆಕ್ಕದಲ್ಲಿ ಕೂಡೋ ಸಾಲುಗಳೂ ಇರಬೇಕು. ಬರೀ ಕಳೆಯುವ ಸಾಲುಗಳೇ ಇದ್ದರೆ ಅದು "ಹದಿನೈದು ಪರ್ಸೆಂಟ್ ಕಮ್ಮಿ ಮಾಡ್ರಿ" ಅನ್ನೋದೇ, ಕಾಗದ ಮಾತ್ರ ನೀಟು. ಮಾರುವವರು ಪೆನ್ ಹಿಡಿಯೋ ಮನುಷ್ಯರಾಗಿರದಿದ್ದರೆ, ಲೆಕ್ಕ ನೋಡಿ ಹೆದರಿ ಒಪ್ಪಿಕೊಳ್ಳೋ ಒಬ್ಬ ವಿಧವೆ ಅಜ್ಜಿಯಾಗಿದ್ದರೆ, ನಾನು ಆ 69ಕ್ಕೇ ಮುಗಿಸಿಕೊಂಡು ಬಂದು ಜಾಣತನ ಅಂತ ಇಲ್ಲಿ ಬರೀತಿದ್ದೆನೇನೋ.

ಸರಿ, ರಿಪೇರಿಯ 3.3 ವಾಪಸ್ ಸೇರಿಸಿದೆವು. ಅಷ್ಟು ಆಳ ಹೊಸ ಬೋರು ಕೊರೆಸಿ ಮೋಟರ್ ಇಳಿಸಿದರೆ ಮೂರು ಲಕ್ಷ, ನೀರು ಸಿಗುತ್ತೆ ಅನ್ನೋ ಗ್ಯಾರಂಟಿ ಬೇರೆ ಇಲ್ಲ. ಆ ಮೂರೂ ಸೇರಿತು. 75.3. ಪರ್ಸಿನ ಚೀಟಿಯ ಒಳಗೇ ಇತ್ತು. ಯಜಮಾನರು ಕನ್ನಡಕ ತೆಗೆದಿಟ್ಟು, "ನಾನು ಎಂಬತ್ತಾದ್ರೂ ಬರುತ್ತೆ ಅಂದ್ಕೊಂಡಿದ್ದೆ. ಮೂಲೆ ಮನೆಯವರು ತೊಂಬತ್ತಕ್ಕೆ ಕೊಟ್ರು ಅಂತಾರೆ" ಅಂದರು. ಮೂಲೆ ಮನೆ 30x40, ಅವರಿಗೂ ಗೊತ್ತಿತ್ತು, ನಾನು ಹೇಳಲಿಲ್ಲ. ಐದು ನಿಮಿಷ ಯಾರೂ ಮಾತಾಡಲಿಲ್ಲ.

ಆಗ ಅಮ್ಮ ಒಳಗಿಂದ ಬಂದು ಕಾಫಿ ಇಟ್ಟು, ಅಲ್ಲೇ ಬಾಗಿಲಿಗೊರಗಿ ನಿಂತರು. "ಎಪ್ಪತ್ತಾರು ಮಾಡ್ಕೊಳ್ಳಿ ಮಗಾ. ಹಿತ್ತಲಲ್ಲಿ ಒರಳುಕಲ್ಲು ಇದೆ, ಊರಿಗೆ ಹೊತ್ಕೊಂಡು ಹೋಗೋಕಾಗಲ್ಲ, ಬಿಟ್ಟು ಹೋಗ್ತೀನಿ" ಅಂದರು.

ನಾನು ನಮ್ಮವಳ ಮುಖ ನೋಡಿದೆ. ಅವಳು ಪರ್ಸು ನೋಡಿಕೊಂಡಳು. ನಾನು "ಆಗಲಿ ಅಮ್ಮ" ಅಂದುಬಿಟ್ಟೆ.

ಇನ್ನೊಂದು ಸಣ್ಣ ಗಲಾಟೆ ಆಯ್ತು. ಐವತ್ತು ಲಕ್ಷ ಮತ್ತು ಮೇಲಿನ ಮನೆಗೆ ಕೊಳ್ಳುವವನು ಶೇ 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಅಂದರೆ 76 ಸಾವಿರ. ರಿಜಿಸ್ಟ್ರೇಷನ್ನಿಗೆ ಎರಡು ದಿನ ಇರುವಾಗ ಹೇಳಿದಾಗ ಯಜಮಾನರು, "ಒಪ್ಪಿದ ಮೇಲೆ ಮತ್ತೆ ಕಳೆಯೋಕೆ ಶುರು ಮಾಡಿದ್ಯಲ್ಲಪ್ಪ!" ಅಂದರು. ಅವರ ಪಾನ್ ನಂಬರಿಗೇ ಜಮಾ ಆಗುತ್ತೆ, ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಬರುತ್ತೆ ಅಂತ ಅವರ ಅಳಿಯನಿಗೆ ಫೋನಿನಲ್ಲಿ ಬಿಡಿಸಿ ಹೇಳಿದ ಮೇಲೆ ಸುಮ್ಮನಾದರು. ಇದನ್ನ ಮೊದಲ ದಿನವೇ ಹೇಳಬೇಕಿತ್ತು. ನೀವು ಕೊಳ್ಳೋರಾದರೆ ಹೇಳಿಬಿಡಿ.

ವ್ಯಾಲ್ಯುಯರ್ ಬಂದು 73 ಅಂದ. ಆ ಹೆಚ್ಚಿನ ಒಂದು ಲಕ್ಷಕ್ಕೆ ಸಾಲ 80 ಸಾವಿರ ಜಾಸ್ತಿ ಸಿಕ್ಕಿ, ಚೀಟಿ ಮೀರಿದ ಐವತ್ತು ಸಾವಿರ ಹೇಗೋ ಅಲ್ಲಿಗೆ ಸರಿಹೋಯ್ತು. 2025ರ ನವೆಂಬರಿನಲ್ಲಿ ರಿಜಿಸ್ಟ್ರೇಷನ್ ಆಯ್ತು. ತಾರಸಿ ರಿಪೇರಿಗೆ ಮೇಸ್ತ್ರಿ ಹೇಳಿದ್ದಕ್ಕಿಂತ ನಲವತ್ತು ಸಾವಿರ ಹೆಚ್ಚಾಯ್ತು, ಮೇಸ್ತ್ರಿಗಳ ಕೊಟೇಶನ್ ಬಗ್ಗೆ ಬೇರೆಯೇ ಬರೆಯಬೇಕು. ಒರಳುಕಲ್ಲಿನಲ್ಲಿ ಇದುವರೆಗೆ ಎರಡು ಸಲ ಚಟ್ನಿ ರುಬ್ಬಿದ್ದೇವೆ.

ಚೀಟಿ ಇನ್ನೂ ಅವಳ ಪರ್ಸಿನಲ್ಲೇ ಇದೆ. ನಾನು ಏನಾದರೂ ಸ್ವಲ್ಪ ದುಬಾರಿ ಕೊಳ್ಳೋಕೆ ಹೊರಟರೆ ಸಾಕು, ತೆಗೆದು ತೋರಿಸ್ತಾಳೆ.